ಬಚ್ಚಲ ನೀರಿನ ಬಾಳೆ: ತಳಿ ಸೀಮೆಯ ಹಿತ್ತಿಲುಗಳ ಚರಿತ್ರೆ

ಹೊಸೂರಿಗೆ ನೈಋತ್ಯದಲ್ಲಿ, ಉತ್ತರಕ್ಕೆ ಆನೇಕಲ್ಲಿನ ಬಯಲನ್ನೂ ದಕ್ಷಿಣಕ್ಕೆ ಜವಳಗಿರಿಯ ಅರಣ್ಯವನ್ನೂ ಇಟ್ಟುಕೊಂಡಿರುವ ತಳಿಯ ಸೀಮೆ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದ ಪ್ರಸ್ಥಭೂಮಿ; ಇಲ್ಲಿಯ ಹವೆಯ ಹಿತವನ್ನು ಮೆಚ್ಚಿದ ಆಂಗ್ಲ ಅಧಿಕಾರಿಗಳು ಈ ಊರನ್ನು ‘ಲಿಟ್ಲ್ ಇಂಗ್ಲೆಂಡ್’ ಎಂದು ಕರೆದರೆಂಬುದನ್ನು ಇಲ್ಲಿಯವರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಆದರೆ ಹವೆಯ ತಂಪು ಬೇರೆ, ನೆಲದ ತೇವ ಬೇರೆ. ಇದು ರಾಗಿಯ ನಾಡು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು, ತೊಗರಿಗಳನ್ನು ಇಟ್ಟು, ಮುಂಗಾರು ಹಿಂಗಾರುಗಳೆರಡರ ಕೃಪೆಯನ್ನೂ ಕಾದು ಕುಳಿತ ಖುಷ್ಕಿಯ ನಾಡು. ಇಂಥ ನೆಲದಲ್ಲಿ ಸಹಜವಾಗಿ ಬೆಳೆವ ಗಿಡಗಳಲ್ಲಿ ಹೆಚ್ಚಿನವು ಎಲೆಯ ವಿಷಯದಲ್ಲಿ ಮಿತವ್ಯಯಿಗಳು: ಜಾಲಿಯ ಎಲೆ ಉಗುರಿನ ತುದಿಯಷ್ಟು, ರಾಗಿಯದು ಬೆರಳಿನಷ್ಟು ಅಗಲ. ಎಲೆ ದೊಡ್ಡದಾದಷ್ಟೂ ಅದರ ಮೂಲಕ ಆವಿಯಾಗಿ ಹೋಗುವ ನೀರು ಹೆಚ್ಚು. ಆ ನೀರನ್ನು ದಿನದಿನವೂ ಬುಡಕ್ಕೆ ಒದಗಿಸುವವರಿಲ್ಲದಿದ್ದರೆ ಆಳೆತ್ತರದ ಎಲೆ ಈ ಬಯಲಿನಲ್ಲಿ ಒಂದು ಬೇಸಗೆಯನ್ನೂ ಕಾಣಲಾರದು. ಆದುದರಿಂದ ತಳಿಯ ಸುತ್ತಣ ಯಾವ ಹಳ್ಳಿಯಲ್ಲಿಯಾದರೂ ಮನೆಯ ಬೆನ್ನಿಗೆ ಬಾಳೆಯ ಹಿಂಡೋ ಕೆಸುವಿನ ಪೊದೆಯೋ ಕಂಡರೆ, ಅಲ್ಲಿಗೆ ಯಾವುದೋ ಮನೆಯ ನೀರು ತಲೆಮಾರುಗಳಿಂದ ಹರಿದು ಬಂದಿದೆಯೆಂದು ನಿಸ್ಸಂದೇಹವಾಗಿ ತಿಳಿಯಬಹುದು. ಈ ಸೀಮೆಯ ಹಿತ್ತಿಲಿನ ಚರಿತ್ರೆ ಬಹುಮಟ್ಟಿಗೆ ಬಚ್ಚಲ ನೀರಿನ ಚರಿತ್ರೆಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಳೆಯ ಮನೆಗಳಲ್ಲಿ ಬಚ್ಚಲು ಮನೆಯ ಹಿಂಬದಿಯ ಮೂಲೆಯಲ್ಲಿರುತ್ತಿತ್ತು. ಹಂಡೆಯೊಲೆ, ಅದರ ಪಕ್ಕಕ್ಕೆ ಮೀಯುವ ಚಪ್ಪಡಿ ಕಲ್ಲು, ಗೋಡೆಯ ಬುಡದಲ್ಲಿ ನೀರು ಹೊರಗೆ ಹೋಗಲು ಒಂದು ಕಂಡಿ. ಕಂಡಿಯಿಂದಾಚೆಗೆ ಕಲ್ಲು ಕಟ್ಟಿದ ಅಥವಾ ಬರಿಯ ಮಣ್ಣಿನಲ್ಲಿ ತೋಡಿದ ಮೋರಿ. ಮನೆಮಂದಿಯ ಸ್ನಾನದ ನೀರು, ಪಾತ್ರೆ ಬೆಳಗಿದ ಬೂದಿನೀರು, ಅಕ್ಕಿ ತೊಳೆದ ನೀರಿನಲ್ಲಿ ದನಕ್ಕೆ ಮುಸುರೆಯಾಗಿ ಹೋಗದೆ ಉಳಿದ ಪಾಲು, ಎಲ್ಲವೂ ಈ ಮೋರಿಯಲ್ಲಿ ಕೂಡಿ ಹರಿಯುತ್ತಿದ್ದವು. ಸೀಗೆಪುಡಿ, ಕಡಲೆಹಿಟ್ಟು, ಅಂಟುವಾಳ, ಒಲೆಯ ಬೂದಿ, ಇವಿಷ್ಟೇ ಮೈಗೂ ಬಟ್ಟೆಗೂ ಪಾತ್ರೆಗೂ ಬಳಕೆಯಲ್ಲಿದ್ದ ಕಾಲದಲ್ಲಿ ಆ ನೀರು ಗಿಡಕ್ಕೆ ವಿಷವಾಗುತ್ತಿರಲಿಲ್ಲ. ಬೂದಿಯಲ್ಲಿರುವ ಪೊಟ್ಯಾಷ್ ಬಾಳೆಗಂತೂ ಅತ್ಯಂತ ಪ್ರಿಯವಾದ ಆಹಾರ. ಭಾವಿಯಿಂದ ಸೇದಿ ತಂದ ಒಂದೊಂದು ಕೊಡವೂ ಮೈಮುರಿಯುವ ದುಡಿಮೆಯಾಗಿದ್ದ ಊರುಗಳಲ್ಲಿ, ಒಂದೇ ನೀರಿಗೆ ಎರಡು ಕೆಲಸ ಒಪ್ಪಿಸಿದ ಹೆಂಗಸರ ಈ ವ್ಯವಸ್ಥೆಯನ್ನು ಯಾವ ನೀರಾವರಿ ಯೋಜನೆಯ ವಿವೇಕಕ್ಕೂ ಕಡಿಮೆಯೆಂದು ನಾನು ಭಾವಿಸಲಾರೆ.

ಮೋರಿಯ ಬಾಯಿಗೆ ಅತ್ಯಂತ ಸಮೀಪದಲ್ಲಿ ನಿಲ್ಲುತ್ತಿದ್ದುದು ಕೆಸು. ನೀರು ನಿಂತರೂ ಅದರ ಬೇರು ಕೊಳೆಯದು. ಬದಲಿಗೆ, ನಿಂತ ನೀರಿನಲ್ಲಿಯೇ ಅದರ ಎಲೆ ಗೇಣಿನಿಂದ ಮೊಳಕ್ಕೆ ಬೆಳೆಯುವುದು. ಬೆಳಗಿನ ಜಾವದಲ್ಲಿ ಕೆಸುವಿನ ಪೊದೆಯ ಬಳಿ ಕುಳಿತು ನೋಡಿದವರಿಗೆ ಗೊತ್ತು: ಮಂಜು ಬೀಳದ ದಿನವೂ ಪ್ರತಿ ಎಲೆಯ ತುದಿಯಲ್ಲಿ ಒಂದು ಹನಿ ಮೂಡಿ, ತುಂಬಿ, ಉದುರಿ, ಮತ್ತೆ ಮೂಡುತ್ತಿರುತ್ತದೆ. ರಾತ್ರಿ ಬೇರು ಹೀರಿದ ನೀರು ಎಲೆಯಲ್ಲಿ ಖರ್ಚಾಗದೆ ಹೀಗೆ ತುದಿಯ ರಂಧ್ರಗಳಿಂದ ಹೊರಬೀಳುವುದು. ಮೇಲಿನಿಂದ ಸುರಿದ ನೀರನ್ನೋ ಆ ಎಲೆ ಒಳಗೊಳ್ಳುವುದೇ ಇಲ್ಲ. ಮೇಣದ ಸೂಕ್ಷ್ಮ ಲೇಪವೊಂದು ಹನಿಯನ್ನು ಗುಂಡಾಗಿಸಿ ಉರುಳಿಸಿಬಿಡುತ್ತದೆ. ಮಲೆನಾಡಿನವರು ಮತ್ತು ಕರಾವಳಿಯವರು ಎಲೆಯನ್ನು ಪತ್ರೊಡೆಗೆ ಬಳಸಿದರೆ, ನಮ್ಮ ಈ ಬಯಲುಸೀಮೆಯವರ ಮಮತೆ ಹೆಚ್ಚಾಗಿ ಗೆಡ್ಡೆಯ ಮೇಲೆ. ಶಾಮೆಗೆಡ್ಡೆಯೆಂದು ಕನ್ನಡದವರು ಸಂತೆಯಲ್ಲಿ ಕೇಳುವುದನ್ನೇ ತೆಲುಗಿನವರು ಚಾಮದುಂಪವೆಂದೂ ತಮಿಳರು ಸೇಪ್ಪಂಕಿೞಂಗೆಂದೂ ಕೇಳುತ್ತಾರೆ. ಮೂವರಿಗೂ ತೂಗಿ ಕೊಡುವವಳು ಒಬ್ಬಳೇ, ಮೂರು ಮಾತೂ ಅವಳಿಗೆ ಬರುತ್ತದೆ. ಅದರ ತುರಿಕೆಗೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಾಕಾರದ ಹರಳುಗಳು. ಅದನ್ನು ಅಡಗಿಸುವ ಹುಣಿಸೆಹುಳಿಯ ಉಪಾಯ ಆ ಹರಳುಗಳಿಗೆ ಹೆಸರಿಡುವುದಕ್ಕೆ ಎಷ್ಟೋ ಮೊದಲಿನದು.

ಕೆಸುವಿನಿಂದ ಒಂದು ಮಾರು ಆಚೆಗೆ, ನೀರು ಬಂದರೂ ನಿಲ್ಲದ ಇಳಿಜಾರಿನಲ್ಲಿ ಬಾಳೆ. ನಾವು ಕಾಂಡವೆಂದು ತಿಳಿಯುವುದು ಎಲೆಗಳ ಬುಡಗಳು ಒಂದನ್ನೊಂದು ಸುತ್ತಿಕೊಂಡು ನಿಂತ ಕಂಬ ಮಾತ್ರ. ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆ. ಅದರ ಮಗ್ಗುಲಲ್ಲಿ ಮೂಡುವ ಕಂದುಗಳಲ್ಲಿ ಬಲವಾದ ಒಂದೆರಡನ್ನು ಉಳಿಸಿ ಮಿಕ್ಕವನ್ನು ಕಿತ್ತು ನೆರೆಮನೆಗೆ ಕೊಡುವುದು ಪದ್ಧತಿ. ಎಲೆ ಕೊಯ್ಯುವಾಗ ಸುಳಿಗೆ ಕುಡುಗೋಲು ತಾಗಕೂಡದು, ಗೊನೆ ಹಾಕುವ ಗಿಡದ ಎಲೆಗಳನ್ನು ಬೋಳಿಸಕೂಡದು ಎಂಬ ಕಟ್ಟಳೆಗಳು ಮಕ್ಕಳಿಗೂ ಗೊತ್ತಿರುತ್ತಿದ್ದವು. ಹಬ್ಬದ ದಿನದ ಕುಡಿಯೆಲೆ, ಚಪ್ಪರದ ಬಾಗಿಲಿನ ಬಾಳೆಕಂಬ, ಪಲ್ಯಕ್ಕೆ ದಿಂಡು ಮತ್ತು ಹೂವು, ಕನಕಾಂಬರವನ್ನು ಕಟ್ಟಲು ನಾರು: ಇಷ್ಟೆಲ್ಲ ದೊರೆತ ಮೇಲೆ ಹಣ್ಣು ಬಂದರೆ ಬಂತು ಎಂಬಷ್ಟು ಉದಾಸೀನದಿಂದ ಇಲ್ಲಿಯವರು ಬಾಳೆಯನ್ನು ಬೆಳೆಸಿದರೆಂದು ತೋರುತ್ತದೆ. ನಿತ್ಯದ ಊಟಕ್ಕೆ ಎಲೆ ಬೇಕಾದಾಗ ಕಾಡಂಚಿನ ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ, ಒಣಗಿಸಿ, ಕಟ್ಟು ಕಟ್ಟಿ ಅಟ್ಟದಲ್ಲಿಡುತ್ತಿದ್ದರು. ಹಸುರು ಬಾಳೆಯೆಲೆಯ ಊಟ ಈ ಒಣನಾಡಿನಲ್ಲಿ ಹಬ್ಬದ್ದು, ನೆಂಟರದ್ದು, ದೇವರದ್ದು.

ಇನ್ನೂ ದೂರಕ್ಕೆ, ಮೋರಿಯ ನೀರು ಮುಟ್ಟದ ಒಣ ಮೂಲೆಯಲ್ಲಿ ಅರಿಶಿನದ ಮಡಿ. ಸಂಕ್ರಾಂತಿಯಂದು ಗೆಡ್ಡೆ ಸಮೇತ ಕಿತ್ತು ಪೊಂಗಲಿನ ಮಡಕೆಯ ಕೊರಳಿಗೆ ಕಟ್ಟುವ ತಮಿಳರ ಪದ್ಧತಿಗೆ ಅದು ಒದಗುತ್ತದೆ. ಬೇಲಿಯ ಪಕ್ಕದ ಗೊಬ್ಬರದ ಗುಂಡಿಯಲ್ಲಿ ಸುವರ್ಣಗೆಡ್ಡೆ. ಮುಂಗಾರಿನ ಮೊದಲ ಮಳೆಗೆ ಅದು ಒಂದೇ ಒಂದು ತೊಟ್ಟನ್ನು ಮೇಲಕ್ಕೆ ಕಳಿಸಿ, ತುದಿಯಲ್ಲಿ ಒಂದೇ ಒಂದು ಎಲೆಯನ್ನು ಕೊಡೆಯಂತೆ ಬಿಚ್ಚುತ್ತದೆ. ನಾವು ಗಿಡವೆಂದು ನೋಡುವುದೆಲ್ಲ ಆ ಒಂದು ಎಲೆಯೇ. ಚಳಿಗಾಲಕ್ಕೆ ಎಲೆ ಹಳದಿಯಾಗಿ ನೆಲಕ್ಕೊರಗಿದಾಗ ಗೆಡ್ಡೆ ಅಗೆಯುವ ಕಾಲ. ಅಗೆಯದೆ ಬಿಟ್ಟ ಹಳೆಯ ಗೆಡ್ಡೆ ಕೆಲವೊಮ್ಮೆ ಎಲೆಗೆ ಮೊದಲೇ ನೆಲಮಟ್ಟದಲ್ಲಿ ನೇರಳೆಗಪ್ಪಿನ ವಿಚಿತ್ರ ಹೂವನ್ನು ಅರಳಿಸಿ, ಕೊಳೆತ ಮಾಂಸದ ವಾಸನೆಯಿಂದ ನೊಣಗಳನ್ನು ಕರೆಯುವುದುಂಟು.

ಇವೆಲ್ಲವೂ ನಮ್ಮವೇ, ಅನಾದಿಯಿಂದ ಇಲ್ಲಿಯವೇ ಎಂದು ಭಾವಿಸುವುದು ಸಹಜ. ಆದರೆ ಗಿಡಗಳ ಚರಿತ್ರೆ ಅಷ್ಟು ಸರಳವಲ್ಲ. ನ್ಯೂ ಗಿನಿ ದ್ವೀಪದ ಕೂಕ್ ಎಂಬ ಜೌಗುನೆಲವನ್ನು ಅಗೆದ ಪುರಾತತ್ತ್ವಜ್ಞರು ಅಲ್ಲಿ 6,500 ವರ್ಷಗಳಿಗೂ ಹಿಂದೆಯೇ ಬಾಳೆಯನ್ನು ನೆಟ್ಟು ಬೆಳೆಸಿದ ಕುರುಹುಗಳನ್ನು ಕಂಡಿದ್ದಾರೆ. ಆಗ್ನೇಯ ಏಷ್ಯದ ದ್ವೀಪಗಳಿಂದ ಕೈಯಿಂದ ಕೈಗೆ ಕಂದು ದಾಟುತ್ತ ಬಾಳೆ ನಮ್ಮಲ್ಲಿಗೆ ಬಂದು, ಇಲ್ಲಿಯ ಕಾಡುಬಾಳೆಗಳೊಡನೆ ಬೆರೆತು ಹೊಸ ಕುಲಗಳನ್ನು ಪಡೆಯಿತು. ಬಂದದ್ದು ಎಂದೇ ಇರಲಿ, ಕನ್ನಡಿಗರ ಸಸ್ಯಜ್ಞಾನವಂತೂ ಗ್ರಂಥಸ್ಥವಾಗುವಷ್ಟು ಬೇಗ ಪಕ್ವವಾಯಿತು: ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರಲ್ಲಿ, ಎರಡನೆಯ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಸಾವಿರ ವರ್ಷಗಳ ಹಿಂದೆ, ಗೃಹಸ್ಥನಿಗೆ ಉಪಯುಕ್ತವಾದ ವಿದ್ಯೆಗಳ ಸಾಲಿನಲ್ಲಿ ಗಿಡಮರಗಳ ಆರೈಕೆಯನ್ನೂ ಸೇರಿಸಿ ಕನ್ನಡದಲ್ಲಿ ಬರೆದವರುಂಟೆಂಬುದು ನಮಗೆ ಹೆಮ್ಮೆಯ ಸಂಗತಿ.

ಈ ಸೀಮೆಯ ರಾಜಕೀಯ ಚರಿತ್ರೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಘಟ್ಟದ ಕೆಳಗಣ ಬಾರಾಮಹಲು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. ಘಟ್ಟದ ಮೇಲಣ ಹೊಸೂರಿನ ಬಾಲಾಘಾಟು ಟಿಪ್ಪುವಿನ ಮರಣಾನಂತರ, 1799ರಲ್ಲಿ, ಅದನ್ನು ಹಿಂಬಾಲಿಸಿತು. ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕನಾಗಿದ್ದ ಥಾಮಸ್ ಮನ್ರೋ ಬಾರಾಮಹಲಿನಲ್ಲಿ ನೆಲವನ್ನು ಅಳೆದು ರೈತವಾರಿ ಪದ್ಧತಿಗೆ ತಳಹದಿ ಹಾಕಿದರು. ತರಿ, ಖುಷ್ಕಿ, ಬಾಗಾಯ್ತು ಎಂಬ ಕಂದಾಯದ ವಿಂಗಡಣೆಗೆ ಬಚ್ಚಲ ಹಿಂದಿನ ನಾಲ್ಕು ಬಾಳೆಬುಡ ಎಣಿಕೆಗೆ ಸಿಗುವಷ್ಟು ದೊಡ್ಡದಲ್ಲ. ಹಿತ್ತಿಲಿನ ಚರಿತ್ರೆಗೆ ಕಡತಗಳಿಗಿಂತ ಗಿಡಗಳನ್ನೇ ಸಾಕ್ಷಿಗೆ ಕರೆಯಬೇಕಾಗುವುದು ಈ ಕಾರಣದಿಂದ.

ದೊಡ್ಡ ಎಲೆಯನ್ನು ಉಣ್ಣುವುದಕ್ಕಲ್ಲ, ಉಣಬಡಿಸುವುದಕ್ಕೂ ಅಲ್ಲ, ಕೇವಲ ಕಣ್ಣಿನ ಸಂತೋಷಕ್ಕಾಗಿ ಬೆಳೆಸುವ ಅಭಿರುಚಿ ಬೇರೊಂದು ದಾರಿಯಿಂದ ಬಂದಿತು. ಆ ದಾರಿ ಬೆಂಗಳೂರಿನ ಲಾಲ್‌ಬಾಗನ್ನು ಹಾದು ಬಂದುದು. 1760ರಲ್ಲಿ ಹೈದರಾಲಿ ಆರಂಭಿಸಿದ ಆ ತೋಟವನ್ನು 1800ರಲ್ಲಿ ನೋಡಿದ ಫ್ರಾನ್ಸಿಸ್ ಬುಕನನ್, ಅದು ಚೌಕಗಳಾಗಿ ವಿಭಾಗಗೊಂಡು, ನಡುವಣ ದಾರಿಗಳ ಇಕ್ಕೆಲಗಳಲ್ಲಿ ಸೈಪ್ರೆಸ್ ಮರಗಳಿಂದ ಶೋಭಿಸುತ್ತಿತ್ತೆಂದು ವರ್ಣಿಸಿದ್ದಾನೆ. ಅದು ಹಣ್ಣು ಹೂಗಳ ತೋಟ. ಎಲೆಗಾಗಿ ಗಿಡ ಎಂಬ ಕಲ್ಪನೆ ಅಲ್ಲಿ ಇನ್ನೂ ಇರಲಿಲ್ಲ. 1819ರಿಂದ 1831ರವರೆಗೆ ಲಾಲ್‌ಬಾಗು ಕಲ್ಕತ್ತೆಯ ಸಸ್ಯೋದ್ಯಾನದ ಅಂಗವಾಗಿ, ಅಲ್ಲಿಯ ಅಧೀಕ್ಷಕ ನಥೇನಿಯಲ್ ವಾಲಿಚ್ಚನ ಅಧೀನದಲ್ಲಿತ್ತು. ಈ ವಾಲಿಚ್ಚನ ಹೆಸರು ನಮ್ಮ ಕಥೆಯಲ್ಲಿ ಮತ್ತೊಮ್ಮೆ ಬರುತ್ತದೆ. 1835ರಲ್ಲಿ ಡೆವನ್‌ಷೈರಿನ ಡ್ಯೂಕನು ಸಸ್ಯಸಂಗ್ರಹಕ್ಕಾಗಿ ಜಾನ್ ಗಿಬ್ಸನ್ ಎಂಬ ತರುಣ ತೋಟಗಾರನನ್ನು ಹಿಂದೂಸ್ಥಾನಕ್ಕೆ ಕಳಿಸಿದಾಗ, ಅವನಿಗೆ ಕಲ್ಕತ್ತೆಯಲ್ಲಿ ನೆರವಾದವನು ಇದೇ ವಾಲಿಚ್. ಖಾಸಿಯ ಬೆಟ್ಟಗಳಲ್ಲಿ ಅಲೆದು ಊರಿಗೆ ಮರಳಿದ ಗಿಬ್ಸನ್ ಮುಂದೆ ಲಂಡನ್ನಿನ ಬ್ಯಾಟರ್‌ಸೀ ಉದ್ಯಾನದ ಮೇಲ್ವಿಚಾರಕನಾಗಿ, 1864ರಲ್ಲಿ, ಬಾಳೆ, ಹೂಬಾಳೆ (ಕ್ಯಾನ), ಕೆಸು ಮೊದಲಾದ ಹಿರಿಯೆಲೆಯ ಗಿಡಗಳನ್ನೇ ಬಯಲಿನಲ್ಲಿ ಗುಂಪುಗುಂಪಾಗಿ ನೆಟ್ಟ ಒಂದು ಉಷ್ಣವಲಯದ ತೋಟವನ್ನು ಜನರಿಗೆ ತೆರೆದು ತೋರಿಸಿದನು. ಅದು ಆ ದೇಶದಲ್ಲಿ ದೊಡ್ಡದೊಂದು ಷೋಕಿಯನ್ನೇ ಹುಟ್ಟಿಸಿತು. ನಮ್ಮ ಬಚ್ಚಲ ಮೋರಿಯ ಕೆಸು ಅಲ್ಲಿ ‘ಕಲಾಡಿಯಂ’ ಎಂಬ ಹೆಸರಿನಿಂದ ಮಾರಾಟವಾಗಿ, ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಬೆಂಕಿಯ ಕಾವಿನಲ್ಲಿ ಬದುಕಿ, ಬೇಸಗೆಯಲ್ಲಿ ಹೊರಬಂದು ಸಿರಿವಂತರ ಕಣ್ಣನ್ನು ತಣಿಸಿತು.

ಗಿಡಗಳ ಈ ದೀರ್ಘ ಸಮುದ್ರಯಾನಗಳನ್ನು ಸುಲಭಗೊಳಿಸಿದುದು ಲಂಡನ್ನಿನ ವೈದ್ಯ ನಥೇನಿಯಲ್ ವಾರ್ಡ್ ಕಂಡುಹಿಡಿದ ಗಾಜಿನ ಪೆಟ್ಟಿಗೆ. ಮುಚ್ಚಿದ ಗಾಜಿನೊಳಗೆ ಎಲೆಯಿಂದ ಹೊರಟ ಆವಿ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುವುದರಿಂದ ತಿಂಗಳುಗಟ್ಟಲೆ ನೀರೆರೆಯದೆಯೂ ಗಿಡ ಬದುಕುವುದೆಂಬುದನ್ನು ಅವನು 1833ರಲ್ಲಿ ಲಂಡನ್ನಿನಿಂದ ಸಿಡ್ನಿಗೆ ಗಿಡಗಳನ್ನು ಕಳಿಸಿ ತೋರಿಸಿಕೊಟ್ಟನು. ಅಲ್ಲಿಂದ ಮುಂದೆ ಮೊಲಕ್ಕ ದ್ವೀಪಗಳ ಕ್ರೋಟನ್, ಅಮೆರಿಕದ ಕಲಾಡಿಯಂ ಮತ್ತು ಡೈಫೆನ್‌ಬಾಕಿಯ, ಮೆಕ್ಸಿಕೋದ ತೂತೆಲೆಯ ಮಾನ್‌ಸ್ಟೆರ, ಮಡಗಾಸ್ಕರಿನ ಬೀಸಣಿಗೆಬಾಳೆಗಳು ಜಗತ್ತಿನ ಸರ್ಕಾರಿ ತೋಟಗಳ ನಡುವೆ ನಿರಾತಂಕವಾಗಿ ಸಂಚರಿಸತೊಡಗಿದವು. ಲಾಲ್‌ಬಾಗು 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1858ರಲ್ಲಿ ಲಂಡನ್ನಿನ ಕ್ಯೂ ತೋಟದಿಂದ ವಿಲಿಯಂ ನ್ಯೂ ಬಂದನು, 1874ರಲ್ಲಿ ಜಾನ್ ಕ್ಯಾಮರನ್. ಸೀಮೆಬದನೆಯನ್ನು ನಮ್ಮ ನಾಡಿಗೆ ಪರಿಚಯಿಸಿದ ಕೀರ್ತಿ ಕ್ಯಾಮರನ್ನನದು. ಮೈಸೂರು ಸೀಮೆಯ ಹಿತ್ತಿಲುಗಳ ಚಪ್ಪರಗಳಲ್ಲಿ ಇಂದಿಗೂ ಅದರ ಬಳ್ಳಿ ಕಾಣಸಿಗುತ್ತದೆ.

1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಲಾಲ್‌ಬಾಗಿನ ಗಾಜಿನ ಮನೆಗೆ ಅಸ್ತಿಭಾರವಿಟ್ಟನು. ಅದೇ ವರ್ಷ ಲಂಡನ್ನಿನ ಕ್ಯೂ ತೋಟದಲ್ಲಿ, ಇಟಲಿಯ ಸಸ್ಯಶಾಸ್ತ್ರಜ್ಞ ಬೆಕ್ಕಾರಿ 1878ರಲ್ಲಿ ಸುಮಾತ್ರದ ಕಾಡಿನಲ್ಲಿ ಕಂಡ ಒಂದು ಮಹಾಗೆಡ್ಡೆ ಮೊತ್ತಮೊದಲಿಗೆ ಅರಳಿತು. ಆಳೆತ್ತರದ, ದುರ್ವಾಸನೆಯ ಆ ಅದ್ಭುತವನ್ನು ನೋಡಲು ಜನ ಮುಗಿಬಿದ್ದರು. ಅದು ನಮ್ಮ ಸುವರ್ಣಗೆಡ್ಡೆಯ ಸೋದರಜಾತಿ. ಸಾವಿರಾರು ಮೈಲಿ ದೂರದ ಮಹಾನಗರ ಆ ಹೂವಿಗೆ ಬೆರಗಾಗುತ್ತಿದ್ದ ಕಾಲದಲ್ಲಿ, ತಳಿಯ ಯಾವುದೋ ಹಿತ್ತಿಲಿನ ಗೊಬ್ಬರದ ಗುಂಡಿಯ ಬಳಿ ಅದರ ತಮ್ಮ ಯಾರ ಗಮನಕ್ಕೂ ಬಾರದೆ ಅರಳಿ, ನೊಣಗಳನ್ನು ಕರೆದು, ಬಾಡುತ್ತಿದ್ದನು. ಯಾವುದನ್ನು ವಿಸ್ಮಯವೆಂದು ನೋಡಬೇಕು, ಯಾವುದನ್ನು ಹುಳಿಗೆ ಹಾಕಬೇಕು ಎಂಬುದನ್ನು ಗಿಡ ನಿರ್ಧರಿಸುವುದಿಲ್ಲ. ಅದನ್ನು ನೋಡುವವರ ಜೀವನಕ್ರಮ ನಿರ್ಧರಿಸುತ್ತದೆ.

ಬೆಂಗಳೂರಿನ ದಂಡು ಪ್ರದೇಶದ ಬಂಗಲೆಗಳ ವೆರಾಂಡದಲ್ಲಿ ಕುಂಡಗಳ ಸಾಲಾಗಿ ನಿಂತ ಕ್ರೋಟನ್ ಮೊದಲಾದ ಈ ಹೊಸ ಗಿಡಗಳು ಅಲ್ಲಿಂದ ಹೊರಟು ಆನೇಕಲ್ಲು, ಹೊಸೂರು, ತಳಿಗಳ ಮನೆಗಳನ್ನು ಸೇರಿದುದರ ಪುಣ್ಯ ಸಾಹೇಬನಿಗಿಂತ ಮಾಲಿಗೆ ಹೆಚ್ಚಾಗಿ ಸಲ್ಲಬೇಕೆಂಬುದು ನನ್ನ ಎಣಿಕೆ. ಕ್ರೋಟನ್ನಿನ ಕೊಂಬೆಯನ್ನು ಗೇಣುದ್ದ ಕತ್ತರಿಸಿ ತೇವದ ಮಣ್ಣಿಗೆ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ಡೈಫೆನ್‌ಬಾಕಿಯದ ಕಾಂಡದ ಒಂದು ಗೆಣ್ಣು ಮಲಗಿಸಿದರೂ ಚಿಗುರುತ್ತದೆ. ಹೂಬಾಳೆಯ ಗೆಡ್ಡೆಯ ತುಂಡು ಬಟ್ಟೆಯ ಗಂಟಿನಲ್ಲಿ ವಾರಗಟ್ಟಲೆ ಇದ್ದರೂ ಸಾಯದು. ಅಂಗಡಿಯಿಲ್ಲದೆ, ರಸೀದಿಯಿಲ್ಲದೆ, ಮಾಲಿಯ ಚೀಲದಲ್ಲಿಯೂ ತವರಿನಿಂದ ಮರಳುವ ಹೆಣ್ಣುಮಕ್ಕಳ ಗಂಟಿನಲ್ಲಿಯೂ ಅವು ಪಯಣಿಸಿದವು. “ಅಕ್ಕಾ, ನಿಮ್ಮ ಹೂಬಾಳೆದು ಒಂದು ಗೆಡ್ಡೆ ಕೊಡ್ರಕ್ಕ, ನಾನೊಂದು ಬಾಳೆಕಂದು ತಂದುಕೊಡ್ತೀನಿ” ಎಂಬ ಬೇಲಿಯಾಚೆಯ ವಿನಿಮಯದಿಂದ ಒಂದು ಊರೆಲ್ಲ ಕೆಂಪು ಹಳದಿಗಳಾಗುವುದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್, 1932ರಲ್ಲಿ ಅವರ ಉತ್ತರಾಧಿಕಾರಿಯಾದ ಎಚ್. ಸಿ. ಜವರಾಯ, ಆಮೇಲೆ ಬಂದ ಎಂ. ಎಚ್. ಮರಿಗೌಡ ಇವರ ಕಾಲದಲ್ಲಿ ಫಲಪುಷ್ಪ ಪ್ರದರ್ಶನಗಳೂ ಸಸಿಗಳ ಹಂಚಿಕೆಯೂ ಮಧ್ಯಮವರ್ಗದ ಅಂಗಳಗಳಿಗೆ ಈ ರುಚಿಯನ್ನು ಇನ್ನಷ್ಟು ಹಬ್ಬಿಸಿದವು.

ಆದರೆ ಗಮನಿಸತಕ್ಕ ಸಂಗತಿಯೆಂದರೆ, ಹೊಸ ಗಿಡಗಳಿಗೆ ತಳಿಯವರು ಕೊಟ್ಟ ಸ್ಥಾನ. ಬಣ್ಣದ ಕ್ರೋಟನ್ ತುಳಸಿಕಟ್ಟೆಯ ಆಚೀಚೆ, ಮುಂಬಾಗಿಲಿನ ಅಂಗಳದಲ್ಲಿ ನಿಂತಿತು. ಅದಕ್ಕೆ ನೀರು ಕಡಿಮೆಯಾದರೂ ನಡೆಯುತ್ತದೆ. ಹೆಚ್ಚು ನೀರು ಕುಡಿಯುವ ಹೂಬಾಳೆ ತಾನಾಗಿಯೇ ಹಿತ್ತಿಲಿಗೆ, ಬಾಳೆ ಕೆಸುಗಳ ಸಾಲಿಗೆ ಸರಿಯಿತು. ಡೈಫೆನ್‌ಬಾಕಿಯ ಕೆಸುವಿನ ಕುಟುಂಬದ್ದೇ. ಅದೇ ಸೂಜಿಹರಳುಗಳು ಅದರಲ್ಲಿಯೂ ಇವೆ. ಆದರೆ ಅದನ್ನು ಮೆದ್ದ ಮಗುವಿನ ನಾಲಗೆ ಊದಿ ಮಾತೇ ನಿಲ್ಲಬಹುದಾದುದರಿಂದ, ಅಡಿಗೆಗೆ ಎಲೆ ಕೊಯ್ಯುವ ಜಾಗದಲ್ಲಿ ಅದನ್ನು ಬೆಳೆಸದಿರುವುದೇ ವಿವೇಕ. ಬೀಸಣಿಗೆಬಾಳೆಯಾದರೋ ಈ ಗಾಳಿಯ ಬಯಲಿನಲ್ಲಿ ಅಂದಗೆಡುತ್ತದೆ. ಆಷಾಢದ ಗಾಳಿ ಬಾಳೆಯೆಲೆಯನ್ನು ನರಗಳ ನಡುವೆ ಸೀಳಿ ಜಾಲರಿ ಮಾಡಿದಾಗ ನೋಡುವವರಿಗೆ ಕಷ್ಟವೆನಿಸಿದರೂ ಗಿಡಕ್ಕೆ ಅದು ರಕ್ಷಣೆ: ಸೀಳಿದ ಎಲೆ ಗಾಳಿಗೆ ದಾರಿ ಬಿಡುತ್ತದೆ, ಬಿಸಿಲಿಗೆ ಬೇಗ ಕಾಯುವುದಿಲ್ಲ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ತಳಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1965ರಲ್ಲಿ ಸೇಲಂ ಜಿಲ್ಲೆಯಿಂದ ಧರ್ಮಪುರಿ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರ್ಪಟ್ಟವು. ಹಿತ್ತಿಲಿಗೆ ಇವುಗಳಿಗಿಂತ ದೊಡ್ಡ ಪಲ್ಲಟವಾದುದು ಕೊಳವೆಭಾವಿಯಿಂದ. ಭಾವಿ ಬತ್ತಿ ನೀರು ನಳದಲ್ಲಿ ಬರತೊಡಗಿತು. ತಂಪು ಹವೆಯೂ ಬೆಂಗಳೂರಿನ ಸಾಮೀಪ್ಯವೂ ಕೂಡಿ ಹೊಲಗಳಲ್ಲಿ ಗುಲಾಬಿ, ಜರ್ಬೆರಾಗಳ ಪಾಲಿಹೌಸುಗಳು ಎದ್ದವು. ಇಸ್ರೇಲಿನ ಸಹಕಾರದೊಡನೆ ಕೊಯ್ಲುಹೂಗಳ ಉತ್ಕೃಷ್ಟತಾ ಕೇಂದ್ರವೊಂದು ತಳಿಯಲ್ಲಿಯೇ ಸ್ಥಾಪಿತವಾಗಿದೆ. ಹನಿ ಹನಿಯಾಗಿ ಲೆಕ್ಕವಿಟ್ಟು ನೀರು ಕೊಡುವ ಆ ವಿದ್ಯೆಗೆ ನನ್ನ ಗೌರವವುಂಟು. ನೀರನ್ನು ಲೆಕ್ಕವಿಡುವುದು ಈ ಊರಿನ ಹೆಂಗಸರಿಗೆ ಹೊಸತಾಗಿರಲಿಲ್ಲವೆಂಬುದನ್ನೂ ಅದರೊಡನೆ ಹೇಳಬೇಕು.

ಇತ್ತ ಮನೆಗಳೊಳಗೆ ಬಚ್ಚಲು ಟೈಲ್ಸ್ ಹಾಕಿದ ಬಾತ್‌ರೂಮಾಗಿ, ಮೋರಿಯ ನೀರು ಕೊಳವೆಯಲ್ಲಿ ಬೀದಿಯ ಚರಂಡಿಗೆ ನೇರವಾಗಿ ಹೋಯಿತು. ಮೋರಿ ಉಳಿದಲ್ಲಿಯೂ ಸೀಗೆಯ ಜಾಗಕ್ಕೆ ಸಾಬೂನಿನ ಪುಡಿ ಬಂದುದರಿಂದ ಅದರ ಉಪ್ಪಿಗೆ ಕೆಸುವಿನ ಎಲೆಯಂಚು ಕರಕಾಗತೊಡಗಿತು. ಅಂಥ ನೀರಿನಲ್ಲಿ ಬೆಳೆದ ಗೆಡ್ಡೆಯನ್ನು ಅಡಿಗೆಗೆ ತರಲು ಮನಸ್ಸೂ ಹಿಂಜರಿಯಿತು. ಕಾಡಂಚಿನ ಊರುಗಳಿಗೆ ಮತ್ತೊಂದು ಕಷ್ಟ. ರಾಗಿ ಹಾಲುಗಟ್ಟುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ಆನೆಗಳ ಹಿಂಡುಗಳು ತಳಿ, ಜವಳಗಿರಿಯ ಕಾಡುಗಳಿಗೆ ಇಳಿಯುತ್ತವೆ; 2014ರಲ್ಲಿ ಘೋಷಿತವಾದ, 500 ಚದರ ಕಿಲೋಮೀಟರುಗಳಿಗೂ ಮಿಕ್ಕ ಕಾವೇರಿ ಉತ್ತರ ವನ್ಯಧಾಮ ಇಲ್ಲಿಂದಲೇ ಹಬ್ಬಿದೆ. ಬಾಳೆ ಆನೆಗೆ ಪರಮಪ್ರಿಯ. ಗೊನೆಯನ್ನಷ್ಟೇ ಅಲ್ಲ, ಇಡೀ ಕಂಬವನ್ನೇ ಸೀಳಿ ರಸಭರಿತವಾದ ದಿಂಡನ್ನು ತಿನ್ನುತ್ತದೆ. ಅದಕ್ಕಾಗಿ ಅದು ಮನೆಯ ಗೋಡೆಯವರೆಗೂ ಬರುವುದೆಂದ ಮೇಲೆ, ಮಕ್ಕಳು ಮಲಗುವ ಕೋಣೆಯ ಹಿಂದೆ ಬಾಳೆ ಇಡುವ ಧೈರ್ಯ ಯಾರಿಗಿದ್ದೀತು? ಅಂಥ ಕಡೆ ಆನೆ ಅಷ್ಟಾಗಿ ಬಯಸದ ಅರಿಶಿನ ಉತ್ತಮ.

ಹೂಬಾಳೆಯ ಪಾಲಿಗೆ ಮಾತ್ರ ಈ ಕಾಲದಲ್ಲಿ ಹೊಸ ಉದ್ಯೋಗವೊಂದು ಒದಗಿ ಬಂದಿದೆ. ಮನೆಯ ಬೂದುನೀರನ್ನು, ಎಂದರೆ ಬಚ್ಚಲು ಅಡಿಗೆಮನೆಗಳ ನೀರನ್ನು, ಶುದ್ಧಗೊಳಿಸಲು ಜಲ್ಲಿ ಮತ್ತು ಮರಳು ತುಂಬಿದ ತೊಟ್ಟಿಗಳಲ್ಲಿ ಗಿಡ ನೆಡುವ ಪದ್ಧತಿಯನ್ನು ಎಂಜಿನಿಯರುಗಳು ಪ್ರಚಾರಕ್ಕೆ ತಂದಿದ್ದಾರೆ. ಬೆಂಗಳೂರಿನ ಸುತ್ತಣ ಅನೇಕ ಕಡೆ ಅದಕ್ಕೆ ಆರಿಸಿಕೊಂಡಿರುವುದು ಈ ಗಿಡವನ್ನೇ. ಅದರ ದಟ್ಟವಾದ ಬೇರುಗಳ ಸುತ್ತ ನೆಲೆಸುವ ಸೂಕ್ಷ್ಮಜೀವಿಗಳು ನೀರಿನ ಕೊಳೆಯನ್ನು ಒಡೆಯುತ್ತವೆ. ಗಿಡ ಸಾರಜನಕ ರಂಜಕಗಳನ್ನು ಹೀರಿ ಎಲೆಯಾಗಿಸುತ್ತದೆ. ತಳಿಯಲ್ಲಿ ಹೊಸದಾಗಿ ಮನೆ ಕಟ್ಟುವವರು ಇದನ್ನು ಮಾಡಬಹುದು. ಜಿಡ್ಡು ಮತ್ತು ಮುಸುರೆ ನಿಲ್ಲಲು ಮೊದಲೊಂದು ಸಣ್ಣ ಗುಂಡಿ, ಅದರ ಮುಂದೆ ನೀರು ಮೇಲೆ ಕಾಣದಂತೆ ಜಲ್ಲಿ ತುಂಬಿದ ತೊಟ್ಟಿ, ಅದರಲ್ಲಿ ಒಂದೊಂದು ಮೊಳಕ್ಕೆ ಹೂಬಾಳೆ. ತೊಟ್ಟಿಯಿಂದ ಹೊರಬಿದ್ದ ನೀರಿಗೆ ಬಾಳೆಯ ಬುಡ. ಹೂ ಮುಗಿದ ಕಾಂಡಗಳನ್ನು ಆಗಾಗ ನೆಲಮಟ್ಟಕ್ಕೆ ಕೊಯ್ದು ಗೊಬ್ಬರದ ಗುಂಡಿಗೆ ಹಾಕುತ್ತಿರಬೇಕು, ಇಲ್ಲವಾದರೆ ಹೀರಿದ ಕೊಳೆ ಮತ್ತೆ ನೀರಿಗೇ ಸೇರುತ್ತದೆ. ಕಾಯಿಲೆಯ ಮನೆಯ ನೀರನ್ನೂ ಕಕ್ಕಸಿನ ನೀರನ್ನೂ ಇದಕ್ಕೆ ಬಿಡಬಾರದು.